ಕಾರ್ಡ್ ಸಿಕ್ಕಿತು, ನೋವಿಗೇನು ಗತಿ?

ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ಬಗ್ಗೆ ಈಚೆಗೆ ಬಂದ ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ತಲೆ ಗಿರ್ ಅನ್ನುತ್ತದೆ. ದೇಶದಲ್ಲಿ 6 ಕೋಟಿಗೂ ಹೆಚ್ಚು ಜನರ ರಕ್ತ ತಪಾಸಣೆ ಆಗಿದೆ, 2047ರ ಹೊತ್ತಿಗೆ ಈ ರೋಗವೇ ಇರುವುದಿಲ್ಲ ಎನ್ನುತ್ತದೆ ಕೇಂದ್ರ ಸರ್ಕಾರ. ಜೀನ್ ತಿದ್ದುವ ಚಿಕಿತ್ಸೆ ನಮ್ಮ ದೇಶದಲ್ಲೇ ಸಿದ್ಧವಾಗುತ್ತಿದೆ ಎಂಬ ಹೆಮ್ಮೆಯ ಸುದ್ದಿಯೂ ಇದೆ. ಇವುಗಳ ನಡುವೆಯೇ, ತುಂಬಾ ಭರವಸೆ ಹುಟ್ಟಿಸಿದ್ದ ಒಂದು ಮಾತ್ರೆಯನ್ನು 2024ರ ಸೆಪ್ಟೆಂಬರಿನಲ್ಲಿ ಕಂಪನಿಯೇ ಜಗತ್ತಿನ ಎಲ್ಲ ಕಡೆಯಿಂದ ವಾಪಸ್ ಪಡೆಯಿತು. ಇನ್ನೊಂದು ಮಾತ್ರೆ 2025ರ ನವೆಂಬರಿನಲ್ಲಿ ಪರೀಕ್ಷೆಯಲ್ಲಿ ಅರ್ಧ ಪಾಸಾಗಿ ಅರ್ಧ ಫೇಲಾಯಿತು.

ಹಾಗಾದರೆ ರೋಗ ಹತೋಟಿಗೆ ಬರುತ್ತಿದೆಯೋ ಇಲ್ಲವೋ?

ಏನನ್ನು ಎಣಿಸುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ತಪಾಸಣೆಯಾದವರಿಗೆ ಹಂಚಿದ ಕಾರ್ಡುಗಳನ್ನು ಎಣಿಸಿದರೆ ಒಂದು ಉತ್ತರ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಅಳೆದರೆ ಇನ್ನೊಂದು. ಆದರೆ ಈ ರೋಗ ಇರುವವರಿಗೆ ರೋಗ ಎಂದರೆ ಮೊದಲು ನೋವು. ಅದನ್ನು ಎಣಿಸುವ ಅಭ್ಯಾಸವೇ ನಮಗಿಲ್ಲ. ಅದರಲ್ಲೂ ಆಸ್ಪತ್ರೆಗೆ ಹೋಗುವಷ್ಟು ಜೋರಲ್ಲದ, ಮನೆಯಲ್ಲಿ ಸುಮ್ನೆ ಕೂರಲೂ ಬಿಡದ ದಿನದಿನದ ನೋವು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮೇಲಿನ ಸುದ್ದಿಗಳ ಗೊಂದಲ ಹುಟ್ಟುವುದು ಇಲ್ಲಿಂದಲೇ.

ಕುಡುಗೋಲಾಗುವ ರಕ್ತಕಣ

ಮೊದಲು ರೋಗದ ಕತೆ ಚಿಕ್ಕದಾಗಿ. ಹಿಮೋಗ್ಲೋಬಿನ್ ತಯಾರಿಸುವ ಜೀನ್‌ನಲ್ಲಿ ಒಂದೇ ಒಂದು ಅಕ್ಷರದ ತಪ್ಪು. ಆ ತಪ್ಪಿನಿಂದಾಗಿ, ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಕಡ್ಡಿಯಂತಾಗುತ್ತದೆ. ಮೆತ್ತಗೆ ದುಂಡಗಿರಬೇಕಾದ ಕೆಂಪು ರಕ್ತಕಣ ಗಡುಸಾಗಿ ಕುಡುಗೋಲಿನ ಹಾಗೆ ಬಾಗುತ್ತದೆ. ಸಾಮಾನ್ಯ ಕಣ ಸುಮಾರು 120 ದಿನ ಬದುಕಿದರೆ ಇದು 10–20 ದಿನಕ್ಕೇ ಒಡೆದುಹೋಗುತ್ತದೆ. ರಕ್ತ ಕಡಿಮೆಯಾಗುವುದು ಹೀಗೆ.

ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಂಡಾಗ ಇನ್ನೊಂದು ತೊಂದರೆ ಶುರು. ಆಚೆ ಬದಿಯ ಮೂಳೆಗೋ ಮಾಂಸಕ್ಕೋ ರಕ್ತ ಹೋಗುವುದಿಲ್ಲ. ರಕ್ತ ಸಿಗದ ಜಾಗ ನೋಯುತ್ತದೆ, ಸಹಿಸಲಾಗದಷ್ಟು. ಇದನ್ನೇ ವೈದ್ಯರು ಕ್ರೈಸಿಸ್ ಎನ್ನುವುದು. ಚಳಿ, ಜ್ವರ, ಸಾಕಷ್ಟು ನೀರು ಕುಡಿಯದಿರುವುದು, ಮೈಮುರಿಯುವ ದುಡಿಮೆ ಇದನ್ನು ಕೆರಳಿಸುತ್ತವೆ. ಎಷ್ಟೋ ಸಲ ಕಾರಣವೇ ಗೊತ್ತಾಗುವುದಿಲ್ಲ.

ತಪ್ಪು ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ರೋಗ. ಒಬ್ಬರಿಂದ ಮಾತ್ರ ಬಂದರೆ ಆ ವ್ಯಕ್ತಿ ವಾಹಕ. ವಾಹಕರಿಗೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. ಅಷ್ಟೇ ಅಲ್ಲ, ಮಲೇರಿಯಾ ಅವರನ್ನು ಅಷ್ಟಾಗಿ ಕಾಡುವುದಿಲ್ಲ. ಮಲೇರಿಯಾ ಇದ್ದ ಕಾಡು ಸೀಮೆಗಳಲ್ಲಿ ಈ ಜೀನ್ ಉಳಿದು ಬಂದದ್ದು ಇದೇ ಕಾರಣಕ್ಕೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನಮ್ಮ ಚಾಮರಾಜನಗರಕ್ಕೆ ಅಂಟಿಕೊಂಡಿರುವ ನೀಲಗಿರಿಯ ಬುಡಕಟ್ಟು ಜನರಲ್ಲಿ.

ನೋವು ಒಂದಲ್ಲ, ಎರಡು

ಕ್ರೈಸಿಸ್ ಬರುತ್ತದೆ, ಕೆಲವು ದಿನ ಕಾಡುತ್ತದೆ, ಹೋಗುತ್ತದೆ. ಈ ರೋಗದ ನೋವು ಎಂದರೆ ಇಷ್ಟೇ ಎಂದು ಬಹಳ ಕಾಲ ವೈದ್ಯರೂ ನಂಬಿದ್ದರು. ದಾಳಿ ಬಂದಾಗ ಆಸ್ಪತ್ರೆ, ಉಳಿದಂತೆ ಆರಾಮ ಎಂಬ ಲೆಕ್ಕ.

ಆ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಅಮೆರಿಕದ ವರ್ಜೀನಿಯಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅಲ್ಲಿ 232 ವಯಸ್ಕ ರೋಗಿಗಳ ಕೈಗೆ ಡೈರಿ ಕೊಟ್ಟು, ದಿನಾ ನೋವಿನ ಬಗ್ಗೆ ಬರೆಯಿರಿ ಎಂದರು. ಅವರು ಬರೆದಿಟ್ಟ ದಿನಗಳಲ್ಲಿ ಶೇ 54ಕ್ಕೂ ಹೆಚ್ಚು ದಿನ ನೋವಿತ್ತು. ಹತ್ತರಲ್ಲಿ ಸುಮಾರು ಮೂವರಿಗೆ ಹೆಚ್ಚುಕಡಿಮೆ ಪ್ರತಿದಿನವೂ ನೋವು. ಆದರೆ ನೋವೆಂದು ಆಸ್ಪತ್ರೆಗೆ ಓಡಿದ ದಿನಗಳು ಶೇ 3.5 ಮಾತ್ರ. ಆಸ್ಪತ್ರೆಯ ದಾಖಲೆಯನ್ನಷ್ಟೇ ನೋಡಿ ಈ ರೋಗವನ್ನು ಅಳೆಯುವವರಿಗೆ ಕಾಣುತ್ತಿದ್ದದ್ದು ಆ ಶೇ 3.5 ದಿನಗಳು ಮಾತ್ರ ಎಂದಾಯಿತು.

ಈ ಬಿಡದ ನೋವಿಗೆ ಈಗ ವೈದ್ಯರಲ್ಲಿ ಒಂದು ಗೆರೆ ಇದೆ: ಆರು ತಿಂಗಳಿಂದ ಹೆಚ್ಚಿನ ದಿನಗಳಲ್ಲಿ ನೋವಿದ್ದರೆ ಅದು ದೀರ್ಘಕಾಲದ ನೋವು. ಅದು ಎಲ್ಲಿಂದ ಬರುತ್ತದೆ? ಕೆಲವರಲ್ಲಿ ಕಾರಣ ಎಕ್ಸ್‌ರೇಯಲ್ಲೋ ಸ್ಕ್ಯಾನಿಂಗ್‌ನಲ್ಲೋ ಕಾಣಿಸುತ್ತದೆ. ಮತ್ತೆ ಮತ್ತೆ ರಕ್ತ ನಿಂತು ತೊಡೆಮೂಳೆಯ ತಲೆ ಸತ್ತು ಕುಸಿದಿರುತ್ತದೆ. ಕಾಲು ಊರಿದರೂ ನೋವು, ಮಲಗಿದರೂ ನೋವು. ಬೆನ್ನೆಲುಬಿನ ಮೂಳೆ ಕುಗ್ಗಿರಬಹುದು, ಪಾದದ ಹತ್ತಿರ ಮಾಯದ ಹುಣ್ಣು ಇರಬಹುದು.

ಇನ್ನು ಕೆಲವರಲ್ಲಿ ಹುಡುಕಿದರೂ ಏನೂ ಕಾಣುವುದಿಲ್ಲ. ಇಲ್ಲಿ ಕೆಟ್ಟಿರುವುದು ನೋವಿನ ಸುದ್ದಿ ಒಯ್ಯುವ ನರಗಳು. ವರ್ಷಗಟ್ಟಲೆ ನೋವಿನ ಸಂದೇಶ ಹರಿದು ಹರಿದು ನರ, ಬೆನ್ನುಹುರಿ, ಮೆದುಳು ಮೂರೂ ಅತಿ ಸೂಕ್ಷ್ಮವಾಗಿಬಿಡುತ್ತವೆ. ಬೆಂಕಿ ಆರಿದ ಮೇಲೂ ಗಂಟೆ ಹೊಡೆದುಕೊಳ್ಳುತ್ತಲೇ ಇರುವಂತೆ. ಆ ಹೊತ್ತಿಗೆ ರಕ್ತನಾಳ ಎಲ್ಲೂ ಕಟ್ಟಿರಬೇಕೆಂದಿಲ್ಲ. ಆದರೂ ನೋವು ನಿಜವೇ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಈ ನೋವನ್ನು ತೋರಿಸುವ ರಕ್ತ ಪರೀಕ್ಷೆ ಇಲ್ಲ. ಸಕ್ಕರೆ ಕಾಯಿಲೆಗೆ ಇದ್ದಂತೆ ಒಂದು ಸಂಖ್ಯೆ ಇಲ್ಲ. ಇನ್ನೊಂದು ವಿಚಿತ್ರವೆಂದರೆ, ವರ್ಷಗಟ್ಟಲೆ ನೋವು ತಿಂದವರು ನೋವಿನಲ್ಲೂ ಮಾತಾಡುತ್ತಾರೆ, ಮೊಬೈಲ್ ನೋಡುತ್ತಾರೆ, ನಗುತ್ತಾರೆ ಕೂಡ. ಬೇರೆ ದಾರಿ ಏನಿದೆ? ಆದರೆ ಎದುರಿಗಿರುವ ವೈದ್ಯರಿಗೋ ಮನೆಯವರಿಗೋ ಅದು ನಾಟಕದಂತೆ ಕಾಣುತ್ತದೆ. ಅನುಮಾನ ಹುಟ್ಟುವುದು ಇಲ್ಲಿ.

ಹಿಮೋಗ್ಲೋಬಿನ್ ಏರಿತು, ನೋವು ಇಳಿಯಲಿಲ್ಲ

ಈಗ ಆ ವಾಪಸಾದ ಮಾತ್ರೆಯ ಕತೆ. ಹೆಸರು ವೋಕ್ಸೆಲೋಟರ್. ಹಿಮೋಗ್ಲೋಬಿನ್ ಅಂಟಿಕೊಳ್ಳುವುದನ್ನೇ ತಡೆಯುವ ಮದ್ದು. ಕೇಳಲು ಸೊಗಸಾಗಿದೆ, ಅಲ್ವಾ? ಅಂಟಿಕೊಳ್ಳದಿದ್ದರೆ ಕಣ ಬಾಗುವುದಿಲ್ಲ, ಬಾಗದಿದ್ದರೆ ನೋವಿಲ್ಲ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಬೇಗನೆ ಒಪ್ಪಿಗೆ ಕೊಟ್ಟಿತು. ಹಿಮೋಗ್ಲೋಬಿನ್ ಏರಿದ್ದನ್ನು ನೋಡಿ ಕೊಟ್ಟ ಒಪ್ಪಿಗೆ ಅದು. ನೋವಿನ ದಾಳಿಗಳು ಕಡಿಮೆಯಾದವು ಎಂದು ಆಗ ಖಚಿತವಾಗಿ ತೋರಿಸಿರಲಿಲ್ಲ. ಮುಂದೆ ತೋರಿಸುತ್ತದೆ ಎಂಬ ನಿರೀಕ್ಷೆ ಇತ್ತು.

2022ರಲ್ಲಿ ಫೈಜರ್ ಕಂಪನಿ 540 ಕೋಟಿ ಡಾಲರ್ ಕೊಟ್ಟು ಈ ಮಾತ್ರೆಯ ಮೂಲ ಕಂಪನಿಯನ್ನೇ ಕೊಂಡಿತು. ಎರಡು ವರ್ಷ ಕಳೆಯಿತು. ಮುಂದುವರಿದ ಅಧ್ಯಯನಗಳಲ್ಲಿ ನೋವಿನ ದಾಳಿಗಳು ಮತ್ತು ಸಾವುಗಳ ಲೆಕ್ಕ ಸರಿ ಕಾಣಲಿಲ್ಲ. ಮಕ್ಕಳ ಮೇಲಿನ ಒಂದು ಪರೀಕ್ಷೆಯಲ್ಲಿ ಮದ್ದು ಪಡೆದವರಲ್ಲಿ 8 ಸಾವು, ಹೋಲಿಕೆಗೆಂದು ಮದ್ದಿಲ್ಲದ ಖಾಲಿ ಮಾತ್ರೆ ಪಡೆದವರಲ್ಲಿ 2. ಫೈಜರ್ ಮಾತ್ರೆಯನ್ನು ಮಾರುಕಟ್ಟೆಯಿಂದ ತೆಗೆದುಬಿಟ್ಟಿತು. ನುಂಗುತ್ತಿದ್ದವರಿಗೆ ಗೊಂದಲವೋ ಗೊಂದಲ. ನಿಲ್ಲಿಸಬೇಕೇ, ಹಠಾತ್ತನೆ ನಿಲ್ಲಿಸಿದರೆ ಏನಾದೀತು, ಬದಲಿಗೆ ಏನು?

ನೋವಿನ ದಾಳಿ ತಡೆಯಲೆಂದೇ ಬಂದ ಕ್ರಿಜಾನ್ಲಿಝುಮ್ಯಾಬ್ ಎಂಬ ಇಂಜೆಕ್ಷನ್ ಮೊದಲ ಅಧ್ಯಯನದಲ್ಲಿ ದಾಳಿಗಳನ್ನು ಶೇ 45ರಷ್ಟು ಇಳಿಸಿತ್ತು. ಮುಂದಿನ ದೊಡ್ಡ ಅಧ್ಯಯನದಲ್ಲಿ ಆ ಗುಣ ಕಾಣಲಿಲ್ಲ. 2023ರಲ್ಲಿ ಯುರೋಪ್ ಅದಕ್ಕೆ ಕೊಟ್ಟಿದ್ದ ಅನುಮತಿ ಹಿಂಪಡೆಯಿತು. 2025ರ ನವೆಂಬರಿನಲ್ಲಿ ಮಿಟಾಪಿವ್ಯಾಟ್ ಎಂಬ ಮಾತ್ರೆಯ ಫಲಿತಾಂಶ ಬಂತು. ಹಿಮೋಗ್ಲೋಬಿನ್ ಚೆನ್ನಾಗಿ ಏರಿತ್ತು. ನೋವಿನ ದಾಳಿಯಲ್ಲಿ ಮಾತ್ರ ನೆಚ್ಚಿಕೊಳ್ಳುವಷ್ಟು ಇಳಿಕೆ ಇರಲಿಲ್ಲ.

ಒಂದು ವಾದ ಹೀಗಿದೆ: ಹಿಮೋಗ್ಲೋಬಿನ್ ಏರಿದರೆ ಸುಸ್ತು ಕಡಿಮೆಯಾಗುತ್ತದೆ, ಅಂಗಾಂಗಗಳು ಉಳಿಯಬಹುದು, ನೋವು ಇಳಿಯಲಿಲ್ಲವೆಂದು ಮದ್ದನ್ನೇ ಬಿಸಾಡಬಾರದು. ಇದರಲ್ಲಿ ತಥ್ಯವಿದೆ. ಇನ್ನೊಂದು ವಾದ: ಅಳೆಯಲು ಸುಲಭ ಎಂದು ಹಿಮೋಗ್ಲೋಬಿನ್ ಅಳೆದು, ರೋಗಿ ಕೇಳಿದ್ದನ್ನು ಬಿಟ್ಟು ಬೇರೇನನ್ನೋ ಕೊಟ್ಟಿರಿ. ಈ ಎರಡನೆಯದೇ ಹೆಚ್ಚು ತೂಕದ್ದು ಎಂದು ವೋಕ್ಸೆಲೋಟರ್ ತೋರಿಸಿಕೊಟ್ಟಿದೆ. ಇದರ ಜೊತೆಗೆ ಇನ್ನೊಂದು ಮಾತು ಸೇರಿಸಬೇಕು. ಈ ಪರೀಕ್ಷೆಗಳು ನೋವನ್ನು ಎಣಿಸಿದಾಗಲೂ ಬಹುಮಟ್ಟಿಗೆ ಎಣಿಸಿದ್ದು ದಾಳಿಗಳನ್ನು. ದಿನದಿನದ ನೋವು ಅಲ್ಲೂ ಹೊರಗೇ ಉಳಿಯಿತು.

ಕೈಗೆಟಕುವ ಹಳೆಯ ಮದ್ದು

ಹೊಸ ಮದ್ದುಗಳು ಹೀಗೆ ಏಳುತ್ತಾ ಬೀಳುತ್ತಾ ಇರುವಾಗ ಹಳೆಯದೊಂದು ಗಟ್ಟಿಯಾಗಿ ನಿಂತಿದೆ: ಹೈಡ್ರಾಕ್ಸಿಯೂರಿಯಾ. ಹೊಟ್ಟೆಯಲ್ಲಿರುವ ಮಗುವಿನ ರಕ್ತದಲ್ಲಿ ಇರುವಂಥ ಹಿಮೋಗ್ಲೋಬಿನ್ನನ್ನು ಇದು ಮತ್ತೆ ಹೆಚ್ಚಿಸುತ್ತದೆ. ಆ ಹಿಮೋಗ್ಲೋಬಿನ್ ಅಂಟಿಕೊಳ್ಳುವುದಿಲ್ಲ. 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಖಾಲಿ ಮಾತ್ರೆ ನುಂಗಿದವರಲ್ಲಿ ದಾಳಿಗಳು ವರ್ಷಕ್ಕೆ ಸುಮಾರು 4.5 ಇದ್ದರೆ ಇದನ್ನು ನುಂಗಿದವರಲ್ಲಿ 2.5 ಇದ್ದವು. ಭಾರತದ ರೋಗಿಗಳಲ್ಲಿ ಕಡಿಮೆ ಡೋಸ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ನಾಗಪುರ ಮತ್ತು ಒಡಿಶಾದ ವೈದ್ಯರು ತೋರಿಸಿದ್ದಾರೆ. ಬೆಲೆಯೂ ಹೊಸ ಮದ್ದುಗಳ ಮುಂದೆ ಏನೇನೂ ಅಲ್ಲ.

ಆದರೂ ಎಷ್ಟೋ ಜನ ಅರ್ಧಕ್ಕೆ ಬಿಡುತ್ತಾರೆ. ಇದು ಕ್ಯಾನ್ಸರಿಗೂ ಕೊಡುವ ಮದ್ದು ಎಂಬ ಮಾತು ಕಿವಿಗೆ ಬಿದ್ದರೆ ಹೆದರಿಕೆ ಸಹಜ. ಆಗಾಗ ರಕ್ತ ಪರೀಕ್ಷೆ ಬೇಕು, ಅದಕ್ಕೆ ಒಂದು ದಿನದ ಕೂಲಿ ಬಿಡಬೇಕು. ಮಕ್ಕಳು ಬೇಕೆನ್ನುವವರು ಮೊದಲೇ ವೈದ್ಯರ ಹತ್ತಿರ ಮಾತಾಡಬೇಕು. ಎಲ್ಲಕ್ಕಿಂತ ದೊಡ್ಡ ತೊಡಕು, ಇದು ನುಂಗಿದ ತಕ್ಷಣ ನೋವು ಇಳಿಸುವ ಮಾತ್ರೆಯಲ್ಲ. ಗುಣ ಕಾಣಲು ತಿಂಗಳುಗಳೇ ಬೇಕು. ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ, ವಾರ ನೋಡಿ 'ಇದರಿಂದ ಏನೂ ಆಗಲ್ಲ' ಎಂದು ಡಬ್ಬಿ ಮೂಲೆಗೆ ಸೇರುತ್ತದೆ.

ಇದಕ್ಕೂ ಒಂದು ಮಿತಿ ಇದೆ. ದಾಳಿಗಳನ್ನು ತಡೆದು, ಮುಂದೆ ಬರಬಹುದಾದ ಮೂಳೆ ಸವೆತವನ್ನೂ ತಡೆಯಬಹುದು. ಈಗಾಗಲೇ ಕುಸಿದ ಸೊಂಟದ ಕೀಲನ್ನು ಅದು ಎತ್ತಿ ನಿಲ್ಲಿಸುವುದಿಲ್ಲ. ಕೆಟ್ಟ ನರಗಳನ್ನು ತಕ್ಷಣ ಸುಮ್ಮನಾಗಿಸುವುದೂ ಇಲ್ಲ. ಅದಕ್ಕೇ ಇದನ್ನು ಬೇಗ, ಮಕ್ಕಳಿರುವಾಗಲೇ ಶುರು ಮಾಡುವುದಕ್ಕೆ ಅಷ್ಟು ಒತ್ತು.

ಮಾರ್ಫಿನ್ ಕೊಡಬೇಕೇ, ಬೇಡವೇ?

ವಾದ ಅತಿ ಬಿಸಿಯಾಗುವುದು ಇಲ್ಲಿ. ದಾಳಿ ಬಂದಾಗ ಏನು ಮಾಡಬೇಕು ಎಂಬುದರಲ್ಲಿ ಅಷ್ಟು ಭಿನ್ನಾಭಿಪ್ರಾಯವಿಲ್ಲ. ಅಮೆರಿಕದ ರಕ್ತರೋಗ ತಜ್ಞರ ಸಂಘ 2020ರಲ್ಲಿ ಹೊರಡಿಸಿದ ಸೂಚನೆ ಸ್ಪಷ್ಟವಾಗಿದೆ: ರೋಗಿ ಆಸ್ಪತ್ರೆ ಬಾಗಿಲಿಗೆ ಬಂದ ಒಂದು ಗಂಟೆಯೊಳಗೆ ನೋವಿನ ಮದ್ದು ಕೊಡಿ, 30ರಿಂದ 60 ನಿಮಿಷಕ್ಕೊಮ್ಮೆ ಮತ್ತೆ ನೋಡಿ. ಜೋರು ನೋವಿಗೆ ಮಾರ್ಫಿನ್ ಜಾತಿಯ, ಅಂದರೆ ಅಫೀಮಿನಂಥ ಪ್ರಬಲ ಮದ್ದೇ ಬೇಕು.

ಬಿಡದ ನೋವಿಗೆ ಬಂದಾಗ ಅದೇ ಸಂಘ ಎಚ್ಚರಿಕೆಯಿಂದ ಮಾತಾಡುತ್ತದೆ. ಈವರೆಗೆ ದಿನಾ ಮಾರ್ಫಿನ್ ತೆಗೆದುಕೊಳ್ಳದವರಿಗೆ ಹೊಸದಾಗಿ ಶುರು ಮಾಡದಿರುವುದು ಒಳ್ಳೆಯದು. ಈಗಾಗಲೇ ತೆಗೆದುಕೊಳ್ಳುತ್ತಾ, ಅದರಿಂದ ಎದ್ದು ಓಡಾಡುತ್ತಾ ಇರುವವರಿಗೆ ಕೂತು ಮಾತಾಡಿ ನಿರ್ಧರಿಸಿ, ಕಿತ್ತುಕೊಳ್ಳಬೇಡಿ. ಈ ವ್ಯತ್ಯಾಸ ಏಕೆ? ವರ್ಷಗಟ್ಟಲೆ ಈ ಮದ್ದು ಹೋದರೆ ದೇಹ ಒಗ್ಗಿಕೊಂಡು ಡೋಸ್ ಏರುತ್ತಾ ಹೋಗುತ್ತದೆ. ಕೆಲವರಲ್ಲಿ ಮದ್ದೇ ನರಗಳನ್ನು ಇನ್ನಷ್ಟು ಸೂಕ್ಷ್ಮ ಮಾಡಿ ನೋವು ಹೆಚ್ಚಿಸುತ್ತದೆ. ಆದರೆ ಥಟ್ಟನೆ ನಿಲ್ಲಿಸಿದರೆ ಮನುಷ್ಯ ಹಾಸಿಗೆ ಹಿಡಿಯಬಹುದು.

ಕಿತ್ತುಕೊಂಡರೆ ಏನಾಗುತ್ತದೆ ಎಂದು ಅಮೆರಿಕ ನೋಡಿದೆ. ಅಲ್ಲಿ ನೋವಿನ ಮಾತ್ರೆಗಳ ಚಟ ದೊಡ್ಡ ಪಿಡುಗಾದಾಗ, 2016ರಲ್ಲಿ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕಡಿವಾಣದ ಸೂಚನೆ ಹೊರಡಿಸಿತು. ಬಹಳ ಕಡೆ ಅದನ್ನು ಕುರುಡಾಗಿ ಪಾಲಿಸಿ ಸಿಕಲ್ ಸೆಲ್ ರೋಗಿಗಳಿಗೂ ಮದ್ದು ತಪ್ಪಿಸಿದರು. ಆ ದೇಶದಲ್ಲಿ ಈ ರೋಗ ಇರುವವರು ಹೆಚ್ಚಾಗಿ ಕಪ್ಪು ಜನ. 'ಮದ್ದಿಗಾಗಿ ಬಂದಿದ್ದಾರೆ' ಎಂಬ ಅನುಮಾನ ಅವರ ಮೇಲೆ ಮೊದಲೇ ಇತ್ತು. ಕೊನೆಗೆ ಸಿಡಿಸಿ 2019ರಲ್ಲಿ ಸ್ಪಷ್ಟನೆ ಕೊಟ್ಟಿತು, 2022ರ ಹೊಸ ಸೂಚನೆಯಲ್ಲಿ ಸಿಕಲ್ ಸೆಲ್ ನೋವನ್ನು ಹೊರಗಿಟ್ಟಿತು.

ನಮ್ಮ ಕತೆ ಉಲ್ಟಾ. ಅಲ್ಲಿ ಮದ್ದು ಜಾಸ್ತಿಯಾಗಿ ಗೋಳು, ಇಲ್ಲಿ ಸಿಗದೆ ಗೋಳು. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗಳು ಹಲವು ಲೈಸೆನ್ಸ್ ಹಿಡಿದು ಓಡಾಡಬೇಕಿತ್ತು. ಒಂದರ ಅವಧಿ ಮುಗಿಯುವಷ್ಟರಲ್ಲಿ ಇನ್ನೊಂದು ಸಿಗುತ್ತಿರಲಿಲ್ಲ. 2014ರ ತಿದ್ದುಪಡಿ ಇದನ್ನು ಸಡಿಲಿಸಿತು. ಈಗ ರಾಜ್ಯದ ಔಷಧ ನಿಯಂತ್ರಕರು ಮಾನ್ಯ ಮಾಡಿದ ಆಸ್ಪತ್ರೆ ಮಾರ್ಫಿನ್ ಸೇರಿ ಆರು ಮದ್ದುಗಳನ್ನು ಇಟ್ಟುಕೊಳ್ಳಬಹುದು. ಕಾನೂನು ಬದಲಾದರೂ ಅಂಜಿಕೆ ಹೋಗಿಲ್ಲ. ಲೆಕ್ಕದ ಪುಸ್ತಕ ಇಡಬೇಕು, ತರಬೇತಿ ಪಡೆದ ವೈದ್ಯರು ಬೇಕು. ಯಾಕೆ ಸುಮ್ನೆ ತಲೆನೋವು ಎನ್ನುವ ಆಸ್ಪತ್ರೆಗಳೇ ಹೆಚ್ಚು.

ವಿಪರ್ಯಾಸ ನೋಡಿ. ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾದದ್ದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ. ಅದೇ ರಾಜ್ಯದ ನೀಮಚ್‌ನಲ್ಲಿ ಸರ್ಕಾರದ್ದೇ ಅಫೀಮು ಕಾರ್ಖಾನೆ ಇದೆ. ಮಾರ್ಫಿನ್ ಬರುವುದು ಅಫೀಮಿನಿಂದ.

ಮಾರ್ಫಿನ್ ಇಲ್ಲದ ಕಡೆ ಏನು ನಡೆಯುತ್ತದೆ? ಗ್ಲೂಕೋಸ್ ಹಾಕಿ, ಡೈಕ್ಲೊಫಿನಾಕ್ ಎಂಬ ಸಾಮಾನ್ಯ ನೋವಿನ ಮದ್ದಿನ ಒಂದು ಸೂಜಿ ಚುಚ್ಚಿ ಕಳಿಸುತ್ತಾರೆ. ಒಂದೆರಡು ಸಲಕ್ಕೆ ಸರಿ. ಆದರೆ ಈ ರೋಗ ಮೊದಲೇ ಮೂತ್ರಪಿಂಡವನ್ನು ಸವೆಸಿರುತ್ತದೆ. ವರ್ಷಗಟ್ಟಲೆ ಅಂಗಡಿಯಿಂದ ಅದೇ ಜಾತಿಯ ಮಾತ್ರೆ ತಂದು ನುಂಗಿದರೆ ಮೂತ್ರಪಿಂಡ ಇನ್ನಷ್ಟು ಕೆಡುತ್ತದೆ. ಚಟದ ಭಯದಿಂದ ಒಂದನ್ನು ತಪ್ಪಿಸಿ, ಭಯವಿಲ್ಲದೆ ಇನ್ನೊಂದನ್ನು ಕೊಟ್ಟಂತಾಯಿತು.

ಸೂಜಿ, ಮಾತ್ರೆಯ ಆಚೆಗೆ

ನರಗಳು ಕೆಟ್ಟು ಬರುವ ನೋವಿಗೆ ಡುಲೊಕ್ಸೆಟಿನ್, ಗ್ಯಾಬಪೆಂಟಿನ್‌ನಂಥ ಮದ್ದುಗಳನ್ನು ಪ್ರಯತ್ನಿಸಬಹುದು. ಮೊದಲನೆಯದು ಖಿನ್ನತೆಗೂ ಕೊಡುವ ಮಾತ್ರೆ. 'ನನಗೇನು ತಲೆ ಕೆಟ್ಟಿದೆಯೇ' ಎಂದು ರೋಗಿ ಸಿಟ್ಟಾಗದಂತೆ ಬಿಡಿಸಿ ಹೇಳುವ ಪುರುಸೊತ್ತು ವೈದ್ಯರಿಗೆ ಬೇಕು. ಫಿಸಿಯೋಥೆರಪಿ, ಬಿಸಿ ಶಾಖ, ನೋವಿನ ಜೊತೆ ದಿನ ಸಾಗಿಸುವುದನ್ನು ಕಲಿಸುವ ಆಪ್ತಸಮಾಲೋಚನೆ ಇವೂ ಒಂದಿಷ್ಟು ಕೆಲಸ ಮಾಡುತ್ತವೆ. ತೊಡೆಮೂಳೆ ಪೂರಾ ಕುಸಿದಿದ್ದರೆ ಕೀಲು ಬದಲಿಸುವ ಆಪರೇಷನ್ ಬೇಕಾಗಬಹುದು.

ಇವುಗಳ ಪರವಾಗಿರುವ ಪುರಾವೆ ಸಿಕಲ್ ಸೆಲ್ ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನಗಳಿಂದ ಬಂದದ್ದಲ್ಲ. ಹೆಚ್ಚಿನದು ಬೇರೆ ಬಗೆಯ ದೀರ್ಘ ನೋವಿನಿಂದ ಎರವಲು ತಂದದ್ದು. ಅದಕ್ಕೇ ತಜ್ಞರು 'ಕೊಡಲೇಬೇಕು' ಎನ್ನುವುದಿಲ್ಲ, 'ಪ್ರಯತ್ನಿಸಬಹುದು' ಎನ್ನುತ್ತಾರೆ.

ಜೀನ್ ಚಿಕಿತ್ಸೆ? 2023ರ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿದ ಕ್ಯಾಸ್ಜೆವಿ ಎಂಬ ಚಿಕಿತ್ಸೆಗೆ ಆಗ ಇಟ್ಟ ಬೆಲೆ 22 ಲಕ್ಷ ಡಾಲರ್. ದೆಹಲಿಯ ಐಜಿಐಬಿ ಸಂಸ್ಥೆ ರೂಪಿಸಿದ ಬಿರ್ಸಾ 101 ಇದಕ್ಕಿಂತ ಎಷ್ಟೋ ಅಗ್ಗವಾಗಬೇಕೆಂಬುದು ಗುರಿ. ಒಳ್ಳೆಯದೇ. ಆದರೆ ಇಂಥ ಚಿಕಿತ್ಸೆಗೆ ಮೊದಲು ಜೋರಾದ ಕೀಮೋ ತಡೆದುಕೊಳ್ಳಬೇಕು, ವಾರಗಟ್ಟಲೆ ದೊಡ್ಡ ಆಸ್ಪತ್ರೆಯಲ್ಲಿರಬೇಕು. ಅಸ್ಥಿಮಜ್ಜೆ ಕಸಿಯಿಂದ ರೋಗ ವಾಸಿಯಾದ ವಯಸ್ಕರಲ್ಲೂ ಕೆಲವರಿಗೆ ಹಳೆಯ ನೋವು ಉಳಿದುಕೊಂಡದ್ದು ಕಂಡುಬಂದಿದೆ. ರಕ್ತ ಸರಿಯಾಯಿತು, ಮೂಳೆ ಮತ್ತು ನರ ಆಗಲಿಲ್ಲ.

'ನಿರ್ಮೂಲನೆ' ಅಂದರೆ ಯಾವುದರ ನಿರ್ಮೂಲನೆ?

2023ರ ಜುಲೈ 1ರಂದು ಶುರುವಾದ ಅಭಿಯಾನ ಕರ್ನಾಟಕ ಸೇರಿ 17 ರಾಜ್ಯಗಳಲ್ಲಿ ನಡೆಯುತ್ತಿದೆ. 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆ ಗುರಿ. 2025ರ ಮಧ್ಯದ ಹೊತ್ತಿಗೆ 6 ಕೋಟಿ ದಾಟಿ, 2 ಲಕ್ಷಕ್ಕೂ ಹೆಚ್ಚು ರೋಗಿಗಳು, 16 ಲಕ್ಷಕ್ಕೂ ಹೆಚ್ಚು ವಾಹಕರು ಪತ್ತೆಯಾಗಿದ್ದರು. ನಮ್ಮಲ್ಲಿ ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಹಾಡಿ, ಪೋಡುಗಳಲ್ಲಿರುವ ಸೋಲಿಗ, ಜೇನುಕುರುಬ, ಯರವ ಮುಂತಾದ ಸಮುದಾಯಗಳಿಗೆ ಇದು ಹತ್ತಿರದ ವಿಷಯ.

ತಪಾಸಣೆಯಾದವರಿಗೆ, ಅವರು ರೋಗಿಯೋ ವಾಹಕರೋ ಎರಡೂ ಅಲ್ಲವೋ ಎಂದು ತಿಳಿಸುವ ಕಾರ್ಡ್ ಕೊಡುತ್ತಾರೆ. ಮದುವೆಗೆ ಮೊದಲು ಇಬ್ಬರ ಕಾರ್ಡನ್ನೂ ಹೊಂದಿಸಿ ನೋಡಬೇಕು. ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದರ ಪರವಾಗಿರುವವರು ಹೇಳುವುದು ಸರಳ: ನೋವಿನಲ್ಲಿ ಹುಟ್ಟುವ ಮಕ್ಕಳೇ ಕಡಿಮೆಯಾದರೆ ಅದಕ್ಕಿಂತ ದೊಡ್ಡ ನೋವು ನಿವಾರಣೆ ಯಾವುದು? ಬೇಗ ಪತ್ತೆಯಾದ ಮಗುವಿಗೆ ಬೇಗ ಹೈಡ್ರಾಕ್ಸಿಯೂರಿಯಾ ಶುರು ಮಾಡಬಹುದು ಎಂಬುದೂ ನಿಜ.

ವಿರೋಧಿಸುವವರ ಮಾತೂ ಕೇಳಬೇಕು. ಕಾರ್ಡ್ ನೋಡಿ ಸಂಬಂಧ ಮುರಿದರೆ ಅದರ ಪೆಟ್ಟು ಬೀಳುವುದು ಹೆಚ್ಚಾಗಿ ಹೆಣ್ಣುಮಕ್ಕಳಿಗೆ. ಊರಲ್ಲೇ ನಾಲ್ಕು ಮನೆ ಇರುವ ಚಿಕ್ಕ ಸಮುದಾಯಗಳಲ್ಲಿ ಹೊಂದುವ ಕಾರ್ಡ್ ಹುಡುಕುವುದು ಹೇಳಿದಷ್ಟು ಸುಲಭವಲ್ಲ. ಅಲ್ಲದೆ ಹುಟ್ಟದ ಮಕ್ಕಳ ಲೆಕ್ಕ ಹಾಕುವ ಭರದಲ್ಲಿ ಹುಟ್ಟಿದವರ ಲೆಕ್ಕ ತಪ್ಪಬಾರದು. ಅಭಿಯಾನದ ಕಾಗದದಲ್ಲಿ ಚಿಕಿತ್ಸೆಯೂ ಇದೆ, ನಿಜ. ಆದರೆ ಸರ್ಕಾರ ಮತ್ತೆ ಮತ್ತೆ ಹೊರಗೆ ಹೇಳುವ ಅಂಕಿಗಳು ತಪಾಸಣೆ, ರೋಗಿ, ವಾಹಕ, ಕಾರ್ಡ್. ಯಾವ ಅಂಕಿಯನ್ನು ಮೇಲಿನವರು ಕೇಳುತ್ತಾರೋ ಅದೇ ಕೆಲಸ ಕೆಳಗೆ ಮೊದಲು ನಡೆಯುತ್ತದೆ. ಪಿಎಚ್‌ಸಿಯಲ್ಲಿ ಒತ್ತು ಇರುವುದು ರಕ್ತದ ಹನಿಗೆ. ಅದನ್ನು ಕೊಟ್ಟವರಿಗೆ ಕಳೆದ ತಿಂಗಳು ಎಷ್ಟು ದಿನ ನೋವಿತ್ತು ಎಂದು ಕೇಳುವುದಕ್ಕಲ್ಲ.

ನೋವಿನ ಬೆಲೆ ಯಾರ ಲೆಕ್ಕದಲ್ಲಿ?

ಇದರ ಪರಿಣಾಮ ಆಸ್ಪತ್ರೆಯ ಹೊರಗೂ ಹಬ್ಬುತ್ತದೆ. ತಿಂಗಳಲ್ಲಿ ಹತ್ತು ಹದಿನೈದು ದಿನ ನೋವಿದ್ದರೆ ಕಾಫಿ ತೋಟದ ಕೂಲಿಗೆ ಹೋಗುವುದು ಹೇಗೆ? ಮಳೆಗಾಲದ ಥಂಡಿಯಲ್ಲಂತೂ ಸಾಧ್ಯವೇ ಇಲ್ಲ. ಮಕ್ಕಳ ಶಾಲೆ ತಪ್ಪುತ್ತದೆ, ಹಾಜರಿ ಕಡಿಮೆಯಾಗಿ ಓದೇ ನಿಲ್ಲುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಿಕಲ್ ಸೆಲ್ಲನ್ನು 21 ಅಂಗವೈಕಲ್ಯಗಳಲ್ಲಿ ಒಂದೆಂದು ಒಪ್ಪಿದೆ. ಹೆಚ್ಚಿನ ಸವಲತ್ತು ಸಿಗಬೇಕಾದರೆ ವೈಕಲ್ಯ ಶೇ 40 ಮುಟ್ಟಬೇಕು. ಕಾಲಿಲ್ಲದಿರುವುದನ್ನು ಅಳೆಯಬಹುದು. ನಿನ್ನೆ ಏಳಲಾಗದೆ ಮಲಗಿ ಇವತ್ತು ನಡೆದುಕೊಂಡು ಬಂದವರನ್ನು ಅಳೆಯುವುದು ಹೇಗೆ? ಇನ್ನು ಅದೇ ಕಾಯ್ದೆಯ ಸರ್ಕಾರಿ ನೌಕರಿ ಮೀಸಲಾತಿ ಪಟ್ಟಿಯಲ್ಲಿ ರಕ್ತದ ಕಾಯಿಲೆಗಳೇ ಇಲ್ಲ.

ಮಾಡಬಹುದಾದ ಕೆಲಸಗಳೇನೂ ಆಕಾಶದಲ್ಲಿಲ್ಲ. ರೋಗಿ ಹೆಚ್ಚಿರುವ ತಾಲ್ಲೂಕು ಆಸ್ಪತ್ರೆಗಳಿಗೆ ಮಾರ್ಫಿನ್ ಇಡುವ ಮಾನ್ಯತೆ ಕೊಡಿಸಿ, ಅಲ್ಲಿನ ಒಬ್ಬ ವೈದ್ಯರಿಗೆ, ಒಬ್ಬ ನರ್ಸಿಗೆ ತರಬೇತಿ ಕೊಡಬಹುದು. ಹೈಡ್ರಾಕ್ಸಿಯೂರಿಯಾ ಮತ್ತು ಅದಕ್ಕೆ ಬೇಕಾದ ರಕ್ತ ಪರೀಕ್ಷೆಯನ್ನು ಹಾಡಿಯ ಹತ್ತಿರಕ್ಕೇ ಒಯ್ಯಬಹುದು. ಕೊಟ್ಟ ಕಾರ್ಡಿನ ಹಿಂಬದಿಯಲ್ಲಿ, ದಾಳಿ ಬಂದಾಗ ಈ ರೋಗಿಗೆ ಯಾವ ಮದ್ದು ಎಷ್ಟು ಕೊಡಬೇಕು ಎಂದು ಬರೆದಿಟ್ಟರೆ, ರಾತ್ರಿ ಪಾಳಿಯ ಹೊಸ ಡಾಕ್ಟರಿಗೆ ಅನುಮಾನ ಪಡುವ ಕೆಲಸ ತಪ್ಪುತ್ತದೆ. ತಿಂಗಳಿಗೆ ಎಷ್ಟು ದಿನ ನೋವಿತ್ತು ಎಂಬ ಒಂದು ಪ್ರಶ್ನೆಯನ್ನು ಅಭಿಯಾನದ ನಮೂನೆಗೆ ಸೇರಿಸಲು ಹಣವೂ ಬೇಕಿಲ್ಲ.

2025ರಲ್ಲಿ ರೋಗ ಪತ್ತೆಯಾದ 15 ವರ್ಷದ ಹುಡುಗಿಗೆ 2047ರಲ್ಲಿ 37 ವರ್ಷ ಆಗಿರುತ್ತದೆ. ಸೊಂಟದ ಕೀಲು ಸವೆದು, ದಾಳಿಯ ನೋವು ದಿನದ ನೋವಾಗಿ ತಿರುಗಿರಬಹುದಾದ ವಯಸ್ಸು ಅದು. ಆ ವರ್ಷ ಹೊಸದಾಗಿ ಒಂದು ಮಗುವೂ ಈ ರೋಗದೊಂದಿಗೆ ಹುಟ್ಟದಿದ್ದರೂ, ಅವಳು ಆಸ್ಪತ್ರೆಯ ಸಾಲಿನಲ್ಲಿ ನಿಂತಿರುತ್ತಾಳೆ.